ಕುದಿಸಬಾರದ ಹಾಲು

ಡೈರಿಯಮ್ಮನ ಅರ್ಧ ಆಯುಷ್ಯ ಕಳೆದದ್ದು ಹಾಲಿನ ಕಾರ್ಖಾನೆಯಲ್ಲಿ, ಹಾಲು ಕಾಯಿಸುವ ಯಂತ್ರದ ಮುಂದೆ. ಹಸಿ ಹಾಲು ಕಂಡರೆ ಸಾಕು, ಕೈ ತಾನಾಗಿ ಒಲೆಯತ್ತ ಹೋಗುತ್ತಿತ್ತು. ಅಂಥವಳ ಕೈಗೆ ಸೊಸೆ ಎದೆಹಾಲಿನ ಪುಟ್ಟ ಬಾಟಲಿ ಕೊಟ್ಟು, "ಆಸ್ಪತ್ರೆಗೆ ಮುಟ್ಟಿಸಿಬಿಡಿ ಅತ್ತೆ" ಎಂದರೆ ಏನಾಗಬೇಕು ಹೇಳಿ!

ದಿನ ತುಂಬುವ ಮೊದಲೇ ಹುಟ್ಟಿದ ಮೊಮ್ಮಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಹೊಲಿಗೆ ಮಾಯದ ಸೊಸೆ ಮನೆಯಲ್ಲೇ ಹಾಲು ಹಿಂಡಿ ಕಳಿಸುತ್ತಿದ್ದಳು. ಅಷ್ಟು ಎಳೆಯ ಜೀವಕ್ಕೆ ಹಸಿ ಹಾಲೇ? ಡೈರಿಯಮ್ಮ ಸೊಸೆಯ ಕಣ್ಣು ತಪ್ಪಿಸಿ ಒಂದು ಕುದಿ ಬರಿಸಿ, ಆರಿಸಿ, ಮತ್ತೆ ತುಂಬಿ ಒಯ್ಯುತ್ತಿದ್ದಳು. ಒಳಗೊಳಗೇ ಬೀಗಿದ್ದೂ ಉಂಟು.

ಇವತ್ತು ಹೋದರೆ ಮಗುವಿನ ಹೊಟ್ಟೆ ಊದಿಕೊಂಡಿತ್ತು. ಕರುಳಿಗೆ ಸೋಂಕೋ ಏನೋ ಎಂದು ಡಾಕ್ಟರು ಹಾಲು ನಿಲ್ಲಿಸಿ ಪರೀಕ್ಷೆಗೆ ಕಳಿಸಿದ್ದರು. ನರ್ಸ್ ಬಾಟಲಿಯ ಮುಚ್ಚಳ ತೆಗೆದವಳೇ ಮೂಗು ಸೊಟ್ಟ ಮಾಡಿದಳು.

"ಇದೇನಮ್ಮಾ, ಸೀದ ವಾಸನೆ?"

"ಕುದಿಸಿದೀನಮ್ಮ. ಕ್ರಿಮಿ ಗಿಮಿ ಇದ್ರೆ ಸಾಯ್ಲಿ ಅಂತ."

"ಅಯ್ಯೋ, ಕ್ರಿಮಿ ಕೊಲ್ಲೋರನ್ನೇ ಕೊಂದು ತಂದಿದೀರಲ್ಲ! ತಾಯಿ ಹಾಲಲ್ಲಿ ಲ್ಯಾಕ್ಟೊಫೆರಿನ್ ಅಂತ ಪ್ರೋಟೀನ್ ಇರುತ್ತೆ. ಕ್ರಿಮಿಗೆ ಬೇಕಾದ ಕಬ್ಬಿಣದ ಅಂಶನ ಹಿಡಿದಿಟ್ಕೊಂಡು ಅದನ್ನ ಉಪವಾಸ ಕೆಡವುತ್ತೆ. ಲೈಸೋಝೈಮ್ ಅಂತ ಇನ್ನೊಂದು, ಕ್ರಿಮಿಯ ಗೋಡೆನೇ ಒಡೆಯುತ್ತೆ. ಇಂಥ ಮಕ್ಕಳ ಕರುಳಿಗೆ ಅವೇ ಕಾವಲು. ಕುದಿಸಿದ್ರೆ ಕೆಲಸಕ್ಕೆ ಬರಲ್ಲ."

ಡೈರಿಯಮ್ಮ ಹೊರಗಿನ ಬೆಂಚಿಗೆ ಬಂದು ಕೂತಳು. ಸೊಸೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು. ಸೊಸೆ ಹೊಟ್ಟೆ ಹಿಡಿದುಕೊಂಡೇ ಓಡಿಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಅತ್ತೆಯತ್ತ ತಿರುಗಿಯೂ ನೋಡಲಿಲ್ಲ. ಬೈದಿದ್ದರೂ ವಾಸಿಯಿತ್ತು.

ಕೊನೆಗೂ ಡಾಕ್ಟರು ಹೊರಗೆ ಬಂದರು. "ಸೋಂಕಿಲ್ಲ, ಗಾಬರಿಯಾಗ್ಬೇಡಿ. ಉಸಿರಾಟಕ್ಕೆ ಕೊಡ್ತಿರೋ ಗಾಳಿ ಹೊಟ್ಟೆಗೆ ಹೋಗಿತ್ತು, ಅಷ್ಟೆ. ಹೊಟ್ಟೆ ಇಳಿದಿದೆ. ಹಾಲು ಶುರು ಮಾಡೋಣ. ಹಸೀದೇ ಕೊಡಿ ಮತ್ತೆ!"

ಸದ್ಯ, ಬದುಕಿದೆವು! ಡೈರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದ ಸೊಸೆ ಗಳಗಳ ಅತ್ತಳು.

"ಒಂದೊಂದು ಹನೀನೂ ಎಷ್ಟು ನೋವು ತಿಂದು ಹಿಂಡಿದ್ದೆ ಗೊತ್ತಾ ನಿಮಗೆ? ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಬೈಯಿ ತಾಯಿ, ಬಾಯಿ ತುಂಬ ಬೈಯಿ. ನಂದೇ ತಪ್ಪು."

ಸೊಸೆ ಮನಸಾರೆ ಬೈದಳು. ಬೈದು ಹಗುರಾಗಿ, ಪರದೆಯ ಹಿಂದೆ ಹೋಗಿ ಹಾಲು ಹಿಂಡಿದಳು. ಬೆಚ್ಚಗಿನ ಬಾಟಲಿಯನ್ನು ತಂದು ಅತ್ತೆಯ ಮುಂದೆಯೇ ಹಿಡಿದಳು.

"ನಾನು ಬೇಡಮ್ಮ, ನೀನೇ ಕೊಡು" ಎಂದು ಡೈರಿಯಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ನಾಳೆಯಿಂದ ಮತ್ತೆ ಯಾರು ತರ್ತಾರೆ? ಹಿಡೀರಿ ಅತ್ತೆ, ಆರಿಹೋಗುತ್ತೆ."

ಡೈರಿಯಮ್ಮ ಎರಡೂ ಕೈಯಲ್ಲಿ ಬಾಟಲಿ ಹಿಡಿದು, ಕಣ್ಣೊರೆಸಿಕೊಳ್ಳಲು ಕೈ ಸಾಲದೆ, ಹಾಗೇ ಒಳಗೆ ನಡೆದಳು.