ಒಂಬತ್ತನೆಯ ಬಣ್ಣ

ಗಣಿತದ ಮೇಷ್ಟ್ರು ಇನ್ನು ಹೆಚ್ಚು ದಿನ ಇರುವುದಿಲ್ಲ ಎಂಬ ಸುದ್ದಿ ಹಬ್ಬಿದ್ದು ಒಂದು ಮಂಗಳವಾರ. ಮೇಷ್ಟ್ರು ಮಾತ್ರ ಗುಂಡುಕಲ್ಲಿನಂತಿದ್ದರು. ದಿನಾ ಬೆಳಗ್ಗೆ ನಡೆದೇ ಸ್ಟುಡಿಯೋಗೆ ಬರುತ್ತಿದ್ದರು, ಎರಡು ಲೋಟ ಚಹಾ ಏರಿಸುತ್ತಿದ್ದರು, ಆಮೇಲೆ ಕ್ಯಾಮೆರಾ ಮುಂದೆ ನಿಂತು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಆದರೆ ವಿಡಿಯೋ ನೋಡಿದ ಮಕ್ಕಳು ಅದರ ಕೆಳಗೆ ಬರೆಯತೊಡಗಿದ್ದರು: 'ಸಾರ್‌ಗೆ ಹುಷಾರಿಲ್ವಾ?' 'ಸಾರ್ ರೆಸ್ಟ್ ತಗೊಳ್ಳಿ, ನಮಗೆ ಹೋಂವರ್ಕ್ ಬೇಡ.' ಒಬ್ಬ ತಾಯಿ, ದಶಮಾಂಶ ಮುಗಿಯುವ ತನಕವಾದರೂ ಇರುತ್ತಾರೆ ತಾನೇ ಎಂದು ಕೇಳಿದ್ದಳು. ಕೊನೆಗೆ ಜೀವವಿಮೆಯವನೊಬ್ಬ ಮೇಷ್ಟ್ರ ಮನೆಗೇ ಫೋನು ಮಾಡಿ, ತಡ ಮಾಡಿದರೆ ಕಂಪನಿ ಒಪ್ಪುವುದಿಲ್ಲ ಎಂದು ಎಚ್ಚರಿಸಿದ.

ಇಷ್ಟಾದ ಮೇಲೆ ಸ್ಟುಡಿಯೋದ ಯಜಮಾನರು ಬಣ್ಣದಕ್ಕನನ್ನು ಕರೆಸಿದರು.

ಆ ಸ್ಟುಡಿಯೋದಲ್ಲಿ ಶಾಲೆಯ ಮಕ್ಕಳಿಗಾಗಿ ಪಾಠಗಳನ್ನು ಚಿತ್ರಿಸುತ್ತಿದ್ದರು. ಪಾಠ ಹೇಳುವವರ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವಳು ಬಣ್ಣದಕ್ಕ. ಇಪ್ಪತ್ತಮೂರು ವರ್ಷಗಳಿಂದ ಅದೇ ಕೋಣೆ, ಅದೇ ಕನ್ನಡಿ, ಒಂದು ಕಾಲು ಕುಂಟುವ ಅದೇ ಕುರ್ಚಿ. ಎಂಥೆಂಥ ಮುಖಗಳನ್ನು ಅವಳು ದಾರಿಗೆ ತಂದಿಲ್ಲ! ನಿದ್ದೆಗೆಟ್ಟ ಮುಖ, ಹೆಂಡತಿಯ ಜೊತೆ ಜಗಳವಾಡಿ ಬಂದ ಮುಖ, ಕ್ಯಾಮೆರಾ ಕಂಡರೆ ಬೆವರುವ ಮುಖ, ಎಲ್ಲವೂ ಅವಳ ಕೈ ದಾಟಿ ಹೋದ ಮೇಲೆ ಮನುಷ್ಯರ ಮುಖಗಳಾಗುತ್ತಿದ್ದವು. ಅವಳಿಗೆ ಮಕ್ಕಳಿರಲಿಲ್ಲ, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆ ಕೋಣೆಯೇ ಅವಳ ಸಂಸಾರ ಎಂದರೂ ತಪ್ಪಿಲ್ಲ.

"ನಿಮ್ಮ ಕೈ ಮೊದಲಿನ ಹಾಗಿಲ್ಲ," ಎಂದರು ಯಜಮಾನರು. ಅವರು ಕೆಟ್ಟವರಲ್ಲ, ಆದರೆ ಕೋಪ ಮೂಗಿನ ತುದಿಯಲ್ಲಿ. ಮುಖ ಯಾವಾಗಲೂ ಹಣ್ಣಾದ ಟೊಮೇಟೊ. "ಮೇಷ್ಟ್ರ ಮುಖ ವಿಡಿಯೋದಲ್ಲಿ ಹೆಣದ ಥರ ಕಾಣ್ತಿದೆ. ವಯಸ್ಸಾಯ್ತು, ತಪ್ಪಲ್ಲ. ಸೋಮವಾರದಿಂದ ಬೇರೆ ಒಬ್ಬರು ಬರ್ತಾರೆ. ನೀವು ಆರಾಮಾಗಿ ಮನೇಲಿರಿ."

"ಕೈ ಸರಿಯಾಗೇ ಇದೆ ಸಾರ್. ಬೆಳಕು..." ಎಂದು ಬಾಯಿ ತೆರೆದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು.

"ಬೆಳಕಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಆ ಹೊಸ ದೀಪಗಳನ್ನ ಆರಿಸಿ ತಂದಿದ್ದು ನಿಮ್ಮ ತಮ್ಮನೇ ಅಲ್ವಾ? ಅವನನ್ನೇ ಕೇಳಿ."

ಕೇಳುವುದು ಹೇಗೆ? ಅಲ್ಲೇ ಇತ್ತು ಸಂಕಟ. ಸ್ಟುಡಿಯೋದ ಬೆಳಕಿನ ಕೆಲಸವೆಲ್ಲ ಅವಳ ಸ್ವಂತ ತಮ್ಮನದು, ಮತ್ತು ತಮ್ಮನಿಗೆ ಕೆಂಪು ಕಾಣುತ್ತಿರಲಿಲ್ಲ.

ಇದು ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟು. ಅಪ್ಪ ದರ್ಜಿ. ತಮ್ಮನಿಗೆ ಆರು ವರ್ಷವಿದ್ದಾಗ ಅಪ್ಪ ಕೆಂಪು ದಾರ ತಾ ಎಂದರೆ ಅವನು ಕಂದು ಬಣ್ಣದ ದಾರ ತಂದ, ಮತ್ತೆ ಕಳಿಸಿದರೆ ಹಸಿರು ತಂದ, ಎರಡು ಏಟು ತಿಂದ. ಮೂರನೆಯ ಸಲ ಅಕ್ಕ ಬಾಗಿಲ ಹಿಂದೆ ನಿಂತು ಸರಿಯಾದ ಉಂಡೆಯನ್ನು ಅವನ ಕೈಗೆ ತುರುಕಿದಳು. ಅಂದಿನಿಂದ ಅವನ ಕೆಂಪೆಲ್ಲ ಅವಳ ಜವಾಬ್ದಾರಿಯಾಯಿತು. ದೊಡ್ಡವನಾದ ಮೇಲೆ ಅವನು ಹಿಡಿದದ್ದು ದೀಪದ ಕೆಲಸ. ನೆರಳು ಎಲ್ಲಿ ಬೀಳಬೇಕು, ಮೂಗಿನ ಪಕ್ಕದ ಕತ್ತಲೆಯನ್ನು ಎಷ್ಟು ತೆಳುಮಾಡಬೇಕು ಎಂಬುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಳೆಯ ಬಲ್ಬುಗಳು ಒಲೆಯ ಹಾಗೆ ಕಾಯುತ್ತಿದ್ದವು, ನಿಜ, ಆದರೆ ಬಣ್ಣದ ವಿಷಯದಲ್ಲಿ ಅವಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಅವನ ಕಣ್ಣಿನ ವಿಚಾರ ಯಾರಿಗೂ ತಿಳಿಯಲಿಲ್ಲ.

ತಿಂಗಳ ಹಿಂದೆ ಯಜಮಾನರು ಹೊಸ ದೀಪ ತರಲು ಹೇಳಿದರು. ತಮ್ಮ ಹೋಗಿ ಹಪ್ಪಳದಷ್ಟು ತೆಳ್ಳಗಿನ ಎಲ್ಇಡಿ ಹಲಗೆಗಳನ್ನು ತಂದ. ಬಿಸಿಯಿಲ್ಲ, ಬೆವರಿಲ್ಲ. ಡಬ್ಬದ ಮೇಲೆ ಬಣ್ಣದ ನಿಖರತೆಗೆ ನೂರಕ್ಕೆ ಎಂಬತ್ತೈದು ಅಂಕ ಎಂದು ಅಚ್ಚು ಹಾಕಿತ್ತು. "ಡಿಸ್ಟಿಂಕ್ಷನ್ ಅಕ್ಕಾ!" ಎಂದು ಅವನು ಕುಣಿದಾಡಿದ್ದ. ಮೊದಲ ದಿನ ದೀಪ ಹೊತ್ತಿಸಿದಾಗಲೇ ಬಣ್ಣದಕ್ಕನಿಗೆ ಗೊತ್ತಾಗಿತ್ತು. ಮೇಷ್ಟ್ರ ಕೆನ್ನೆಯ ರಕ್ತವನ್ನು ಯಾರೋ ಹೀರಿಕೊಂಡಂತಿತ್ತು. ಕೆಂಪು ಜಾಸ್ತಿ ಹಚ್ಚಿದಳು, ಅದು ಕಂದಾಯಿತು. ಇನ್ನಷ್ಟು ಹಚ್ಚಿದಳು, ಮೇಷ್ಟ್ರು ಮಣ್ಣಿನಲ್ಲಿ ಬಿದ್ದೆದ್ದವರಂತೆ ಕಂಡರು. ಹೇಳಿದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ನಿನ್ನ ತಮ್ಮನಿಗೆ ಇದು ಕಾಣಲಿಲ್ಲವೇ ಎಂದು. ಬಣ್ಣ ಕಾಣದ ದೀಪದವನನ್ನು ಯಾವ ಸ್ಟುಡಿಯೋ ಇಟ್ಟುಕೊಳ್ಳುತ್ತದೆ? ಅವನಿಗೆ ಓದುವ ಇಬ್ಬರು ಹೆಣ್ಣುಮಕ್ಕಳು. ಹೀಗಾಗಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು, ಮುಖಕ್ಕೆ ಒಂದು ನಗು ಹಚ್ಚಿಕೊಂಡು ಓಡಾಡಿದಳು.

ಸೋಮವಾರದ ವಿಷಯ ಮೇಷ್ಟ್ರ ಬಾಯಿಂದ ತಮ್ಮನ ಕಿವಿಗೆ ಬಿತ್ತು. ಅವನು ಏಣಿಯಿಂದ ದಡದಡ ಇಳಿದು ಬಂದ.

"ನಿನ್ನ ಕೈ ಕೆಟ್ಟಿದೆಯಂತಾ? ಯಾರು ಹೇಳಿದ್ದು? ತಪ್ಪು ಕ್ಯಾಮೆರಾದಲ್ಲೇ ಇರ್ಬೇಕು. ನಾಳೆ ಪರೀಕ್ಷೆ ಮಾಡೇಬಿಡ್ತೀನಿ. ಒಂದೇ ಕ್ಯಾಮೆರಾ, ಒಂದೇ ಕುರ್ಚಿ, ಒಂದೇ ಮುಖ. ಕಿಟಕಿ ಬೆಳಕು ಒಂದ್ಸಲ, ಹಳೇ ಬಲ್ಬು ಒಂದ್ಸಲ, ಹೊಸ ದೀಪ ಒಂದ್ಸಲ. ಮೂರರಲ್ಲೂ ಒಂದೇ ಥರ ಕೆಟ್ಟದಾಗಿ ಕಂಡ್ರೆ ಕ್ಯಾಮೆರಾದ್ದೇ ತಪ್ಪು ಅಂತಾಯ್ತಲ್ಲ."

"ಬೇಡ ಕಣೋ. ಸುಮ್ನಿರು. ನಂಗೂ ಸಾಕಾಗಿದೆ."

"ಸುಳ್ಳು ಹೇಳ್ಬೇಡ. ನೀನು ಮನೇಲಿ ಕೂತ್ರೆ ಮೂರನೇ ದಿನಕ್ಕೆ ಗೋಡೆಗೆ ಪೌಡರ್ ಹಚ್ತೀಯ."

ಅವನು ಯಜಮಾನರ ಬಳಿಗೂ ಹೋಗಿ, ಪರೀಕ್ಷೆಗೆ ನೀವೇ ಕೂರಬೇಕು ಎಂದು ಒಪ್ಪಿಸಿಬಿಟ್ಟ. ಕ್ಯಾಮೆರಾ ಮುಂದೆ ಕೂರುವ ಆಸೆ ಯಜಮಾನರಿಗೆ ಒಳಗೊಳಗೇ ಇತ್ತು. ಬಣ್ಣದಕ್ಕನಿಗೆ ಮಾತ್ರ ಅತ್ತ ದರಿ ಇತ್ತ ಪುಲಿ. ಪರೀಕ್ಷೆಯಲ್ಲಿ ದೀಪ ಸಿಕ್ಕಿಬೀಳುವುದು ಖಂಡಿತ. ತನ್ನ ಕುರ್ಚಿ ಉಳಿಯಬೇಕು, ತಮ್ಮನ ಗುಟ್ಟೂ ಉಳಿಯಬೇಕು. ಆ ರಾತ್ರಿ ಪಾತ್ರೆ ತೊಳೆಯುವಾಗ ಅವಳಿಗೊಂದು ಉಪಾಯ ಹೊಳೆಯಿತು. ತಮ್ಮನಿಗೆ ಯಾಕೆ ಕಾಣಲಿಲ್ಲ ಎಂದು ಕೇಳಿದರೆ ಕ್ಯಾಮೆರಾದ ಚಿತ್ರ ತೋರಿಸುವ ಮಾನಿಟರ್ ಹಳೆಯದು, ಅದರಲ್ಲಿ ಗೊತ್ತಾಗುವುದಿಲ್ಲ ಎಂದು ಹೇಳುವುದು. ಸುಳ್ಳೇ, ಆದರೆ ಮಾನಿಟರ್‌ಗೆ ಹೆಂಡತಿ ಮಕ್ಕಳಿಲ್ಲವಲ್ಲ.

ಮರುದಿನ ಹತ್ತು ಗಂಟೆಗೆ ಯಜಮಾನರು ಹೊಸ ಅಂಗಿ ತೊಟ್ಟು ಬಂದು ಕುಳಿತರು. ತಮ್ಮ ಕಿಟಕಿಯ ಪರದೆ ಸರಿಸಿದ. ಬಿಳಿ ಹಾಳೆಯೊಂದನ್ನು ಯಜಮಾನರ ಗದ್ದದ ಕೆಳಗೆ ಹಿಡಿದು, ಬಿಳಿ ಅಂದರೆ ಇದು ಎಂದು ಕ್ಯಾಮೆರಾಕ್ಕೆ ಪಾಠ ಹೇಳಿದ. ಪ್ರತಿ ಬೆಳಕಿಗೂ ಹೀಗೆ ಮಾಡಲೇಬೇಕು, ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ ಎಂದ. ಬಣ್ಣದಕ್ಕ ಬ್ರಷ್ ಹಿಡಿದು ಬಂದಳು. ಯಜಮಾನರು ಕಣ್ಣು ಮುಚ್ಚಿದರು. ಅವಳು ಹಣೆ, ಕೆನ್ನೆ, ಗದ್ದ ಎಲ್ಲವನ್ನೂ ನಿಧಾನವಾಗಿ, ಶ್ರದ್ಧೆಯಿಂದ ಸವರಿದಳು.

"ಆಹಾ, ತಂಪಾಗಿದೆ," ಎಂದರು ಯಜಮಾನರು.

ಕಿಟಕಿಯ ಬೆಳಕಿನಲ್ಲಿ ಒಂದು ನಿಮಿಷ ಚಿತ್ರಿಸಿದರು. ಪರದೆ ಎಳೆದು ಹಳೆಯ ಬಲ್ಬು ಹೊತ್ತಿಸಿದರು. ಮತ್ತೆ ಹಾಳೆ, ಮತ್ತೆ ಬ್ರಷ್, ಮತ್ತೊಂದು ನಿಮಿಷ. ಯಜಮಾನರು ಬೆವರಿದರು. ಮೂರನೆಯದು ಹೊಸ ದೀಪ. ಮತ್ತೆ ಹಾಳೆ, ಮತ್ತೆ ಬ್ರಷ್. ಆಮೇಲೆ ಮೂರನ್ನೂ ಒಂದರ ಪಕ್ಕ ಒಂದು ಇಟ್ಟು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿದರು. ಮೇಷ್ಟ್ರೂ ಲೋಟ ಹಿಡಿದು ನೋಡಲು ಬಂದರು.

ಕಿಟಕಿ ಬೆಳಕಿನಲ್ಲಿ ಯಜಮಾನರು ಯಜಮಾನರಂತೆಯೇ ಇದ್ದರು. ಬಲ್ಬಿನ ಬೆಳಕಿನಲ್ಲಿ ಆಗತಾನೇ ಮದುಮಗನಾದವರಂತೆ ಕಂಡರು. ಮೂರನೆಯದರಲ್ಲಿ ಬೂದಿ ಬಡಿದ ಕುಂಬಳಕಾಯಿ.

ಯಜಮಾನರು ಎದ್ದು ನಿಂತರು. "ನೋಡಿದ್ರಾ! ನೋಡಿದ್ರಾ! ಎರಡು ಸಲ ಚೆನ್ನಾಗಿ ಹಚ್ಚಿ ಮೂರನೇ ಸಲ ನನ್ನ ಮುಖಾನೇ ಹಾಳು ಮಾಡಿದಾರೆ! ಇದನ್ನೇ ನಾನು ಹೇಳಿದ್ದು. ಕೈ ಹಿಡಿತದಲ್ಲಿಲ್ಲ! ಏನು ಹಚ್ಚಿದ್ರಿ ನಂಗೆ?"

"ಏನೂ ಇಲ್ಲ ಸಾರ್," ಎಂದಳು ಬಣ್ಣದಕ್ಕ.

"ಏನೂ ಇಲ್ಲ ಅಂದ್ರೆ?"

"ಏನೂ ಹಚ್ಚಿಲ್ಲ. ಒಣ ಬ್ರಷ್ಷು. ನಿನ್ನೆ ತೊಳೆದು ಒಣಗಿಸಿದ್ದು. ಮೂರು ಸಲಾನೂ ಅದೇ. ಬೇಕಾದ್ರೆ ಕೆನ್ನೆ ಒರೆಸಿ ನೋಡಿ."

ಯಜಮಾನರು ಬಿಳಿ ಕರವಸ್ತ್ರ ತೆಗೆದು ಕೆನ್ನೆ ಉಜ್ಜಿದರು. ಬೆವರು ಬಂತು, ಬಣ್ಣ ಬರಲಿಲ್ಲ. ಮೇಷ್ಟ್ರಿಗೆ ಚಹಾ ಮೂಗಿಗೇರಿತು. ನಗು ತಡೆಯಲಾರದೆ ಅವರು ಗೋಡೆ ಹಿಡಿದುಕೊಂಡರು. ಯಜಮಾನರ ಮುಖ ನಿಜವಾದ ಟೊಮೇಟೊ ಆಯಿತು, ಆಮೇಲೆ ಅವರಿಗೇ ನಗು ಬಂತು. ಆಮೇಲೆ ನಗು ನಿಂತು, ಅವರು ದೀಪದವನ ಕಡೆ ತಿರುಗಿದರು.

"ಅಲ್ಲಯ್ಯಾ, ಒಂದು ತಿಂಗಳಿಂದ ಮಾನಿಟರ್ ಪಕ್ಕದಲ್ಲೇ ನಿಂತಿದೀಯ. ಇದು ನಿಂಗೆ ಕಾಣಲೇ ಇಲ್ವಾ?"

"ಆ ಮಾನಿಟರ್ ಹಳೇದು ಸಾರ್," ಎಂದು ಬಣ್ಣದಕ್ಕ ಮುಂದೆ ನುಗ್ಗಿದಳು. "ಅದರಲ್ಲಿ ಯಾರಿಗೂ ಗೊತ್ತಾಗಲ್ಲ, ನಾನೇ ಎಷ್ಟೋ ಸಲ..."

"ಅಕ್ಕಾ, ಬಿಡು," ಎಂದ ತಮ್ಮ. ಅವನು ಗೋಡೆಯ ಪರದೆಯನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. "ನಂಗೆ ಈಗಲೂ ಮೂರೂ ಹೆಚ್ಚುಕಮ್ಮಿ ಒಂದೇ ಥರ ಕಾಣ್ತಿವೆ ಸಾರ್. ನಂಗೆ ಕೆಂಪು ಕಾಣಲ್ಲ. ಹುಟ್ಟಿನಿಂದ."

ಬಣ್ಣದಕ್ಕ ತಮ್ಮನ ತೋಳು ಹಿಡಿದೆಳೆದಳು.

"ಮತ್ತೆ ಹದಿನೆಂಟು ವರ್ಷದಿಂದ ಹೇಗಯ್ಯಾ ಕೆಲಸ ಮಾಡಿದೆ?"

"ನಾನು ಮಾನಿಟರ್ ನೋಡೋದೇ ಇಲ್ಲ ಸಾರ್. ಅಕ್ಕನ ಮುಖ ನೋಡ್ತೀನಿ. ಅವಳ ಹುಬ್ಬು ಗಂಟಾದ್ರೆ ದೀಪ ಸರಿಸ್ತೀನಿ, ಹುಬ್ಬು ಸಡಿಲಾದ್ರೆ ಅಲ್ಲೇ ಬಿಡ್ತೀನಿ. ಈ ದೀಪ ಬಂದಾಗಿನಿಂದ ಅವಳು ನಗ್ತಾನೇ ಇದ್ಲು. ಇಷ್ಟೊಂದು ಒಳ್ಳೆ ದೀಪ ತಂದಿದೀನಲ್ಲಾ ಅಂತ ನಾನೂ ಬೀಗ್ತಾ ಇದ್ದೆ."

ಬಣ್ಣದಕ್ಕ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಅವನನ್ನು ಕಾಪಾಡುತ್ತೇನೆಂದು ಹಚ್ಚಿಕೊಂಡ ನಗುವೇ ಅವನ ದಾರಿ ತಪ್ಪಿಸಿತ್ತು. ತನ್ನನ್ನು ಅವನು ಹಾಗೆ ನೋಡುತ್ತಿದ್ದನೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ! ಅವಳಿಗೆ ಅಳು ಬಂತು, ನಾಚಿಕೆಯಾಯಿತು, ಹೆಮ್ಮೆಯೂ ಆಯಿತು, ಎಲ್ಲ ಕಲಸಿಕೊಂಡು ಬಂದದ್ದರಿಂದ ಸುಮ್ಮನೆ ಮೂಗು ಒರೆಸಿಕೊಂಡಳು.

ಮೇಷ್ಟ್ರು ಅಷ್ಟರಲ್ಲಿ ದೀಪದ ಡಬ್ಬದಿಂದ ಮಡಿಸಿದ ಕಾಗದವೊಂದನ್ನು ಹೊರಗೆಳೆದು ಕನ್ನಡಕ ಏರಿಸಿದ್ದರು. "ಇಲ್ನೋಡಿ ಕಥೆ! ಈ ಎಂಬತ್ತೈದು ಅನ್ನೋದು ಎಂಟು ಬಣ್ಣಗಳ ಸರಾಸರಿ. ಎಲ್ಲಾ ತಿಳಿ ಬಣ್ಣಗಳೇ. ಗಾಢ ಕೆಂಪು ಒಂಬತ್ತನೇದು, ಅದನ್ನ ಲೆಕ್ಕಕ್ಕೇ ಸೇರಿಸಿಲ್ಲ. ಇರುವೆ ಕಾಲಿನಷ್ಟು ಅಕ್ಷರದಲ್ಲಿ ಬರೆದಿದಾರೆ, ಹದಿಮೂರು ಅಂಕ! ಎಂಟು ವಿಷಯ ಪಾಸು, ಒಂಬತ್ತನೇದರಲ್ಲಿ ಡುಮ್ಕಿ. ಇಂಥ ಹುಡುಗರನ್ನ ನಾನು ಬೇಕಾದಷ್ಟು ನೋಡಿದೀನಿ."

ಯಜಮಾನರು ಕೊಂಚ ಹೊತ್ತು ಅಕ್ಕನನ್ನೂ ತಮ್ಮನನ್ನೂ ನೋಡಿದರು. ಕೋಪಿಷ್ಠರಿಗೆ ತಪ್ಪು ಒಪ್ಪಿಕೊಳ್ಳುವುದೂ ಕೋಪದಿಂದಲೇ ಆಗಬೇಕು. "ಇಬ್ಬರೂ ನನ್ನ ಕಣ್ಣಿಗೇ ಮಣ್ಣೆರಚಿದಿರಿ!" ಎಂದು ಗುಡುಗಿದರು. "ನಂಗೆ ಬಣ್ಣ ಕಂಡೂ ಒಣ ಬ್ರಷ್ಷಿಗೆ ಮೋಸ ಹೋದೆ. ಇವನು ಕಾಣದೇ ಹದಿನೆಂಟು ವರ್ಷ ಸರಿಯಾಗಿ ಮಾಡಿದ. ನಾಳೆನೇ ಇಬ್ಬರೂ ಹೋಗಿ ಆ ದೀಪ ವಾಪಸ್ ಕೊಟ್ಟು ಬೇರೆ ತನ್ನಿ. ಇಬ್ಬರೂ, ತಿಳೀತಾ? ಒಬ್ಬರೇ ಹೋಗ್ಬೇಡಿ!" ಎಂದವರೇ ಸೋಮವಾರ ಬರಬೇಕಾದವರಿಗೆ ಬೇಡವೆನ್ನಲು ಫೋನು ಹುಡುಕಿಕೊಂಡು ಹೊರಟರು.

ಸೋಮವಾರ ಬೇರೆ ದೀಪಗಳು ಬಂದವು. ಗಣಿತದ ಮೇಷ್ಟ್ರು ಪಾಠದ ಹಸಿರು ಹಲಗೆಯ ಮುಂದೆ ನಿಂತರು. ತಮ್ಮ ಏಣಿ ಹತ್ತಿ, ದೀಪವನ್ನು ಹಿಡಿದು, ಅಭ್ಯಾಸದಂತೆ ಅಕ್ಕನ ಕಡೆ ನೋಡಿದ. ಅವಳು ಕ್ಯಾಮೆರಾದ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮೇಷ್ಟ್ರ ಬಲಗೆನ್ನೆ ಚೆನ್ನಾಗಿತ್ತು. ಎಡಗೆನ್ನೆಯ ಮೇಲೆ ಹಸಿರು ಹಲಗೆಯ ಛಾಯೆ ಬಿದ್ದು ಹಾಗಲಕಾಯಿಯಂತಾಗಿತ್ತು. ಅವಳ ಹುಬ್ಬು ಗಂಟಾಯಿತು. ಅಷ್ಟಕ್ಕೇ ನಿಲ್ಲಿಸದೆ, ಯಾವ ಅಕ್ಕನಾದರೂ ಯಾವ ತಮ್ಮನಿಗಾದರೂ ದಿನಕ್ಕೆ ಹತ್ತು ಸಲ ಅನ್ನುವ, ಆದರೆ ತಾನು ಮಾತ್ರ ನಲವತ್ತು ವರ್ಷ ಗಂಟಲಲ್ಲೇ ನುಂಗಿಕೊಂಡಿದ್ದ ಮಾತನ್ನು ಅವಳು ಕೋಣೆಗೆಲ್ಲ ಕೇಳುವಂತೆ ಕೂಗಿದಳು:

"ಎಡಗಡೆ ನೋಡೋ! ಕಣ್ಣು ಕಾಣಲ್ವಾ ನಿಂಗೆ?"

ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ಮೇಲೆ ನಿಲ್ಲಿಸಿಕೊಂಡರು. ಏಣಿಯ ಮೇಲಿದ್ದವನ ಭುಜ ಅಲುಗತೊಡಗಿತು, ಆಮೇಲೆ ಏಣಿಯೇ ಅಲುಗತೊಡಗಿತು.

"ಇಲ್ಲ ಕಣಕ್ಕಾ," ಎಂದು ಅವನು ಬಿದ್ದುಬಿದ್ದು ನಗುತ್ತಾ ದೀಪವನ್ನು ಎಡಕ್ಕೆ ತಿರುಗಿಸಿದ, "ಕಾಣಲ್ಲ. ನೀನೇ ಹೇಳು, ಸಾಕಾ?"

"ಇನ್ನೂ ಸ್ವಲ್ಪ," ಎಂದಳು ಬಣ್ಣದಕ್ಕ.