ಬಾಗಿಲ ಹಾದಿ ಹಿಡಿದ ನೀರು

ನಲ್ಲಿ ಮೇಸ್ತ್ರಿ ಮೂರನೆಯ ಸಲ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದ. ನೀರು ಮೂಲೆಯ ಜಾಲರಿಯ ಕಡೆ ತಿರುಗಿಯೂ ನೋಡದೆ ಸೀದಾ ಬಾಗಿಲ ಹಾದಿ ಹಿಡಿಯಿತು.

ಹತ್ತು ವರ್ಷ ಬೀಗ ಜಡಿದಿದ್ದ ಆಫೀಸು ಕಟ್ಟಡ ಈಗ ಹೋಟೆಲಾಗುತ್ತಿತ್ತು. ಆಗ ಮಹಡಿಗೊಂದು ಕಕ್ಕಸು ಸಾಕಿತ್ತು, ಈಗ ಕೋಣೆಗೊಂದು ಬಚ್ಚಲು ಬೇಕು. ಇದು ಮಾದರಿ ಕೋಣೆ. ನಾಳಿದ್ದು ಮಾಲೀಕರು ನೋಡಿ ಒಪ್ಪಿದರೆ ಮಿಕ್ಕ ಐವತ್ತೊಂಬತ್ತೂ ಮೇಸ್ತ್ರಿಯ ಕೈಗೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ.

ಟೈಲ್ಸ್ ಹಾಕಿದವನು ಅವನ ಅಕ್ಕನ ಗಂಡ. ಬೇರೆ ಯಾರಾದರೂ ಆಗಿದ್ದರೆ ಗ್ರಹಚಾರ ಬಿಡಿಸಬಹುದಿತ್ತು. ಭಾವನಿಗೆ ಏನೆನ್ನುವುದು?

"ಭಾವ, ಇಳಿಜಾರು ಮತ್ತೆ ಬಾಗಿಲಿಗೇ ಕೊಟ್ಟಿದ್ದೀರಲ್ಲ."

"ಆಫೀಸಿದ್ದಾಗ ಇಲ್ಲಿ ನೆಲ ಹಾಸಿದವನೇ ನಾನು ಕಣೋ. ಗುಡಿಸೋರು ನೀರು ಹೊಡೆದು ಹೊರಗೆ ತಳ್ಳೋರು. ಕೈ ತಾನಾಗೇ ಆ ಕಡೆ ಬಗ್ಗುತ್ತೆ."

"ಈಗ ಹೊರಗೆ ಮರದ ನೆಲ ಇದೆ, ಹಾಸಿಗೆ ಇದೆ."

"ಒಂದು ಹೊಸಿಲು ಇಟ್ಟಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ."

"ಇಂಜಿನಿಯರಮ್ಮ ಬೇಡ ಅಂದ್ರು ಅಂತ ಎಷ್ಟು ಸಲ ಹೇಳ್ಲಿ?"

"ನಿನ್ನ ಮದುವೇಲೂ ಹೀಗೇ ಮುಖ ಊದಿಸ್ಕೊಂಡಿದ್ದೆ ನೀನು," ಎಂದ ಭಾವ, ಉಳಿ ಹುಡುಕುತ್ತ.

ಮೇಸ್ತ್ರಿ ಹಲ್ಲು ಕಚ್ಚಿದ. ಎಲ್ಲ ಕಿತ್ತು ಹಾಕಿದರು. ಈ ಸಲ ದಾರ ಕಟ್ಟಿದ್ದು, ಮಟ್ಟ ಹಿಡಿದದ್ದು ಎಲ್ಲ ಮೇಸ್ತ್ರಿಯೇ. ಒಂದೊಂದು ಟೈಲಿಗೂ ಭಾವನ ಪಕ್ಕದಲ್ಲಿ ಕಾವಲು ಕೂತ.

ಆ ದಿನ ಮಾಲೀಕರು ಬಂದು ಬಾಗಿಲಲ್ಲಿ ನಿಂತರು. ಮೇಸ್ತ್ರಿ ನೀರು ಸುರಿದ. ಅದು ಹೇಳಿದ ಮಾತು ಕೇಳುವ ಸೊಸೆಯ ಹಾಗೆ ಜಾಲರಿಯ ಕಡೆ ನಡೆಯಿತು. ಜೊತೆಗೆ ಬಂದಿದ್ದ ಇಂಜಿನಿಯರಮ್ಮ ತಲೆದೂಗಿದರು. ಅಷ್ಟರಲ್ಲಿ ಭಾವ, ಜಾಲರಿಯ ಸುತ್ತ ಇನ್ನೂ ಇಳಿಯುತ್ತಿದ್ದ ನೀರನ್ನು ನೋಡಲಾರದವನಂತೆ, ಮೂಲೆಯ ಪೊರಕೆ ತೆಗೆದು ಒಂದೇ ಏಟಿಗೆ ಮಿಕ್ಕಿದ್ದನ್ನೆಲ್ಲ ಬಾಗಿಲಾಚೆ ತಳ್ಳಿಬಿಟ್ಟ. ಮಾಲೀಕರ ಬೂಟು ತೊಯ್ದು ತೊಪ್ಪೆಯಾಯಿತು.

ಅವರು ಬೂಟು ನೋಡಿಕೊಂಡರು. "ಕೆಲಸ ನಿಮ್ದೇ ಮೇಸ್ತ್ರಿ. ಟೈಲ್ಸಿಗೆ ಮಾತ್ರ ಬೇರೆಯವರನ್ನ ನೋಡಿ."

ಈ ಮಾತನ್ನು ಯಾರಾದರೂ ಆಡಲಿ ಎಂದು ನಾಲ್ಕು ದಿನದಿಂದ ಕಾದಿದ್ದ ಮೇಸ್ತ್ರಿಯ ಬಾಯಿಂದ ಹೊರಟದ್ದು ಬೇರೆಯೇ. "ಇವರಿಲ್ಲದೆ ಆಗಲ್ಲ ಸಾರ್." ಅಂದದ್ದೇ ತಡ, ತನ್ನ ನಾಲಗೆಯ ಮೇಲೆ ತನಗೇ ರೇಗಿತು.

"ಹಾಗಾದ್ರೆ ಒಂದು ಮಹಡಿ ಮಾಡಿ ತೋರಿಸಿ. ಮಿಕ್ಕಿದ್ದು ಆಮೇಲೆ," ಎಂದು ಅವರು ಮರದ ನೆಲದ ಮೇಲೆ ಒದ್ದೆ ಹೆಜ್ಜೆ ಬಿಟ್ಟು ಹೋದರು.

"ಮಹಡಿಗೆ ಎಷ್ಟು ಬಚ್ಚಲು?" ಭಾವ ಮೆಲ್ಲಗೆ ಕೇಳಿದ.

"ಹನ್ನೆರಡು," ಎಂದು ಮೇಸ್ತ್ರಿ ಅವನ ಕೈಯಿಂದ ಪೊರಕೆ ಕಿತ್ತುಕೊಂಡ.