ಅಡಗಿಸಿದ ಸಾಲು

ಹಿರಿಯರ ಜೊತೆ ಕಾರಿನಲ್ಲಿ ದೊಲೊನ್ ಘಾಟಿ ಹತ್ತುವಾಗ ಬೆಗಿಮಾಯ್‌ಗೆ ತಾನು ಮಾಡಿದ ತಪ್ಪು ಹೊಳೆಯಿತು. ಫೋನು ತೆಗೆದಳು. ನೆಟ್‌ವರ್ಕ್ ಇರಲಿಲ್ಲ.

"ಇಲ್ಲಿ ಯಾರಿಗೂ ಸಿಗಲ್ಲ, ಎತ್ತಿಡು," ಎಂದರು ಮುಂದಿನ ಸೀಟಿನಲ್ಲಿದ್ದ ಅಸನಾಲಿ.

ಅಂದು ಬೆಳಿಗ್ಗೆ ಬಿಷ್ಕೆಕ್‌ನಲ್ಲಿ, ಸಂಗೀತ ಶಾಲೆಯ ಮೇಷ್ಟ್ರು ಮಿರ್ಲಾನ್ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಶಾಲೆಯ ವೆಬ್‌ಸೈಟ್ ನೋಡಿಕೊಳ್ಳುವ ಬೆಗಿಮಾಯ್ ಅಳುತ್ತಲೇ ಮುಖಪುಟಕ್ಕೆ ಸುದ್ದಿ ಹಾಕಿದ್ದಳು. ಮಿರ್ಲಾನನ ಸೋದರಮಾವ ಅಸನಾಲಿ ಬಂದು ರೇಗಿದ್ದರು. "ಅವನಪ್ಪನಿಗೆ ನಾವು ಹೋಗಿ, ಎದುರು ಕೂತು ಹೇಳ್ಬೇಕು. ಅಲ್ಲೀವರೆಗೆ ಇದು ಎಲ್ಲೂ ಕಾಣಬಾರ್ದು." ನಮ್ಮ ಕಿರ್ಗಿಜರಲ್ಲಿ ಸಾವನ್ನು ಯಾರೂ ಥಟ್ಟನೆ ಹೇಳುವುದಿಲ್ಲ. ಹಿರಿಯರು ಹೋಗಿ, ಎಲ್ಲಿಂದಲೋ ಮಾತು ತೆಗೆದು, ಕೇಳುವವರ ಎದೆ ಗಟ್ಟಿಮಾಡಿ, ಕೊನೆಗೆ ಹೆಸರು ಹೇಳುತ್ತಾರೆ.

ಸಂಜೆ ಮತ್ತೆ ಹಾಕಬೇಕಾದ್ದು, ಅಳಿಸುವುದೇಕೆ ಎಂದು ಅವಳು ಆ ಸಾಲನ್ನು ಅಡಗಿಸಿದ್ದಳು. ಪುಟದ ರೂಪ ತಿದ್ದುವ ಸಿಎಸ್ಎಸ್‌ನಲ್ಲಿ ಅಡಗಿಸಲು ಎರಡು ದಾರಿ. ಒಂದರಲ್ಲಿ ಸಾಲು ಪೂರ್ತಿ ಮಾಯ. ಇನ್ನೊಂದರಲ್ಲಿ ಕಣ್ಣಿಗಷ್ಟೇ ಮರೆ. ಪುಟವನ್ನು ಗಟ್ಟಿಯಾಗಿ ಓದಿಹೇಳುವ ಫೋನಿಗೆ ಅದು ಸಿಕ್ಕೇ ಸಿಗುತ್ತದೆ. ಈ ಎರಡನೆಯದನ್ನು ಅವಳು ಬರೆದದ್ದೇ ಮಿರ್ಲಾನನ ಅಪ್ಪ ಜುಮಾಬೆಕ್‌ಗಾಗಿ. ಅವರಿಗೆ ಕಣ್ಣಿಲ್ಲ. ದಿನಾ ಮಧ್ಯಾಹ್ನದ ನಮಾಜು ಮುಗಿಸಿ, ಆ ಪುಟ ತೆರೆದು ಮಗನ ಮೂರು ತಂತಿಯ ಕೊಮುಜ್ ವಾದನ ಕೇಳುತ್ತಾರೆ. "ನಮ್ಮಪ್ಪ ದಾರಿ ತಪ್ಪೋ ಹಾಗೆ ಸೈಟು ಮಾಡಿದ್ರೆ ನಿನ್ನ ಮದುವೇಲಿ ನಾನು ಬಾರಿಸಲ್ಲ ನೋಡು," ಎಂದು ಮಿರ್ಲಾನ್ ಕಾಡಿದ್ದಕ್ಕೆ, ಪ್ರತಿ ಚಿತ್ರದ ಜೊತೆಗೂ ಅದರಲ್ಲೇನಿದೆ ಎಂದು ಹೇಳುವ, ಕಣ್ಣಿಗೆ ಕಾಣದ ಒಂದು ಸಾಲು ಸೇರಿಸಿದ್ದಳು. ಇವತ್ತೂ ಬೆರಳು ಅದನ್ನೇ ಹಾಕಿತ್ತು. ಅಭ್ಯಾಸವಾದ ಕೈಗೆ ಬುದ್ಧಿಯನ್ನು ಕೇಳುವ ತಾಳ್ಮೆ ಎಲ್ಲಿ?

ಜುಮಾಬೆಕ್ ಇದ್ದ ನಾರಿನ್ ಊರಿನ ಹತ್ತಿರ ನೆಟ್‌ವರ್ಕ್ ಬಂದದ್ದೇ ಸಾಲನ್ನು ಕಿತ್ತುಹಾಕಿದಳು. ಆಗಲೇ ಮಧ್ಯಾಹ್ನ ಕಳೆದಿತ್ತು.

ಜುಮಾಬೆಕ್ ತಾವೇ ಬಾಗಿಲು ತೆರೆದರು. ಮುಖದಲ್ಲಿ ಏನೂ ಇರಲಿಲ್ಲ. "ಬನ್ನಿ ಬನ್ನಿ. ಘಾಟಿಯಲ್ಲಿ ಹಿಮ ಇತ್ತಾ?" ಇವತ್ತು ಫೋನು ಮುಟ್ಟಿಲ್ಲ ಎಂದುಕೊಂಡು ಬೆಗಿಮಾಯ್ ಉಸಿರು ಬಿಟ್ಟಳು. ಬಂದವರನ್ನು ಕೂರಿಸಿ ಅವರು ಚಹಾಕ್ಕೆ ಅವಳನ್ನು ಒಳಗೆ ಕರೆದರು. ಚಹಾದ ನೀರು ಕಾಯುತ್ತಿದ್ದ ಸಮೋವಾರ್ ಪಕ್ಕ ಅವಳ ಮಣಿಕಟ್ಟು ಹಿಡಿದುಕೊಂಡರು. ಬೆರಳುಗಳು ತಣ್ಣಗಿದ್ದವು.

"ಮಧ್ಯಾಹ್ನ ಫೋನು ಓದ್ತು ಮಗಳೇ," ಎಂದರು ಪಿಸುದನಿಯಲ್ಲಿ. "ಅವ್ರಿಗೆ ಹೇಳ್ಬೇಡ. ಇಷ್ಟು ದೂರ ಆ ಮಾತು ಹೊತ್ಕೊಂಡು ಬಂದಿದಾರೆ."

"ಅಪ್ಪಾ, ತಪ್ಪು ನಂದು..."

"ಬಟ್ಟಲು ಕೊಡು."

ಹೊರಕೋಣೆಯಲ್ಲಿ ಅಸನಾಲಿ ಬೆಟ್ಟದಿಂದ ಹಾರಿಹೋದ ಒಂದು ಗಿಡುಗದ ಕಥೆ ಶುರುಮಾಡಿದರು. ಜುಮಾಬೆಕ್ ತಲೆಯಾಡಿಸುತ್ತ ಕೇಳಿದರು. ಮಾತು ನಿಂತಲ್ಲೆಲ್ಲ, "ಹೌದಪ್ಪ, ಆಮೇಲೆ?" ಎಂದರು. ಬೆಗಿಮಾಯ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆಸರಿನ ಹತ್ತಿರ ಬಂದಾಗ ಅಸನಾಲಿ ಮತ್ತೆ ಗಿಡುಗದ ಕಡೆಗೇ ಹೊರಳಿದರು. ಜುಮಾಬೆಕ್ ತಡಕಾಡಿ ಭಾವಮೈದುನನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೇಳಪ್ಪ. ನಾನು ಗಟ್ಟಿಯಾಗಿದೀನಿ."

ಅಸನಾಲಿ ಹೆಸರು ಹೇಳಿದರು.

ಕೇಳಿಸಿದರೆ ನೆರೆಯವರು ಓಡಿಬಂದಾರೆಂದು ಮಧ್ಯಾಹ್ನದಿಂದ ಜುಮಾಬೆಕ್ ಒಬ್ಬರೇ ಕಚ್ಚಿಹಿಡಿದಿದ್ದ ಅಳು ಆಗ ಹೊರಬಿತ್ತು. ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯತೊಡಗಿತು.